ಕುಂಟ ಅನ್ನೋ ಒಂದೇ ಪದ ಸಾಲದು

ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಔರಾದ್ ಬಸ್ಸಿಗೆ ಕಾಯ್ತಾ ಕೂತಿದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಕೈಲಿದ್ದ ಪೇಪರ್ ಓದಿ ಮುಗಿದಿತ್ತು. ಹೀಗೆ ಸುಮ್ಮನೆ ಕೂತಾಗ ನನಗೊಂದು ಚಟ. ಜನರ ಮುಖ ನೋಡೋದಿಲ್ಲ, ಕಾಲು ನೋಡ್ತೀನಿ. ಯಾರು ಹೇಗೆ ನಡೀತಾರೆ ಅಂತ.

ಆ ಅರ್ಧ ಗಂಟೆಯಲ್ಲಿ ಕಂಡವರು ಇಷ್ಟು. ಒಬ್ಬ ಅಜ್ಜ, ಮುಂದಕ್ಕೆ ಬಾಗಿದ ಮೈ, ಪುಟ್ಟ ಪುಟ್ಟ ಹೆಜ್ಜೆ, ಕೈ ಬೀಸುವುದೇ ಇಲ್ಲ. ಒಬ್ಬ ನಡುವಯಸ್ಸಿನ ಹೆಣ್ಣುಮಗಳು, ಬಾತುಕೋಳಿ ಥರ ಎರಡೂ ಕಡೆ ತೂಗುತ್ತಾ ಬಂದಳು. ಮತ್ತೊಬ್ಬರು ಬಲಗೈ ಮಡಚಿ ಎದೆಗೆ ಅಂಟಿಸಿಕೊಂಡು, ಬಲಗಾಲನ್ನು ಕುಡುಗೋಲು ಬೀಸಿದ ಹಾಗೆ ಹೊರಗಿನಿಂದ ಸುತ್ತಿಸಿ ತರುತ್ತಿದ್ದರು. ಕೊನೆಗೆ ಒಬ್ಬ, ಹೆಚ್ಚುಕಮ್ಮಿ ನನ್ನ ವಯಸ್ಸಿನವನು, ಪ್ರತಿ ಹೆಜ್ಜೆಗೂ ತೊಡೆಯ ಮೇಲೆ ಅಂಗೈ ಒತ್ತಿ ಒತ್ತಿ ನಡೆಯುತ್ತಿದ್ದ.

ಪಕ್ಕದಲ್ಲಿದ್ದ ಹಿರಿಯರು ಅವನನ್ನು ನೋಡಿ, "ಅಂವ ಕುಂಟ ಇದ್ದಾನ, ಜರಾ ಜಾಗಾ ಬಿಡ್ರಿ" ಅಂದರು. ಅವರ ಆಚೆ ಕೂತವರು ಉರ್ದುವಿನಲ್ಲಿ "ಲಂಗ್ಡಾ" ಅಂದರು. ಮರಾಠಿಯವರು ಇದ್ದಿದ್ದರೂ "ಲಂಗಡಾ" ಅಂತಲೇ ಅನ್ನುತ್ತಿದ್ದರು.

ಯೋಚನೆ ಶುರುವಾಗಿದ್ದೇ ಅಲ್ಲಿ. ಬೀದರ್, ಭಾಲ್ಕಿ, ಔರಾದ್ ಅಂದ್ರೆ ಮೂರು ಭಾಷೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯೋ ಸೀಮೆ. ಇಷ್ಟು ಭಾಷೆ ಇಟ್ಟುಕೊಂಡ ನಮಗೆ ನಾಲ್ಕು ಬೇರೆ ಬೇರೆ ನಡಿಗೆಗೆ ಇರೋದು ಒಂದೇ ಪದ. ಆ ಪದ ಬಿದ್ದ ಮೇಲೆ ಮುಂದೆ ಯಾರೂ ಏನೂ ಕೇಳೋದಿಲ್ಲ. ಯಾಕೆ ಹೀಗಾಯ್ತು, ಯಾವಾಗಿನಿಂದ, ಏನಾದರೂ ಮಾಡಬಹುದಿತ್ತಾ.. ಎಲ್ಲ ಪ್ರಶ್ನೆಯೂ ಅಲ್ಲಿಗೆ ಖತಂ.

ಹಾಗೆ ನೋಡಿದರೆ ಈ 'ಲಂಗ್' ಅನ್ನೋ ಪಾರಸಿ ಪದಕ್ಕೆ ಭಾರೀ ಇತಿಹಾಸ ಇದೆ. ತೈಮೂರ್ ಲಂಗ್ ಅಂದ್ರೆ ಕುಂಟ ತೈಮೂರ. ಇಂಗ್ಲಿಷರ ಬಾಯಲ್ಲಿ ಅವನೇ ಟ್ಯಾಮರ್ಲೇನ್ ಆದ. ನಮ್ಮ ಬಹಮನಿ ಫಿರೋಜ್ ಶಾ ಅವನ ಹತ್ತಿರ ರಾಯಭಾರಿಗಳನ್ನು ಕಳಿಸಿದ್ದ ಅಂತ ಫಿರಿಶ್ತಾ ಬರೆದಿದ್ದಾನೆ. ಆಗ ರಾಜಧಾನಿ ಇನ್ನೂ ಕಲಬುರಗಿ, ಬೀದರಿಗೆ ಬಂದಿರಲಿಲ್ಲ. 1941ರ ಜೂನ್‌ನಲ್ಲಿ ಸಮರ್‌ಖಂಡದಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೋವ್ ತಂಡ ತೈಮೂರನ ಗೋರಿ ತೆಗೆದು ನೋಡಿತು. ಬಲಗಾಲಿನ ಎಲುಬಿಗೆ ಹಳೆಯ ಪೆಟ್ಟು ಬಿದ್ದಿದ್ದು ನಿಜವೇ ಆಗಿತ್ತು. ಅಂದ್ರೆ ಐನೂರು ವರ್ಷ ಜನ ಅವನ ಹೆಸರನ್ನು ನೆನಪಿಟ್ಟಿದ್ದರು, ಕಾರಣ ನೋಡಿದ್ದು ಗೋರಿ ತೆಗೆದ ಮೇಲೆ. ದೊರೆಗೇ ಹೀಗಾದರೆ ಬಸ್ ಸ್ಟ್ಯಾಂಡಿನ ಬಡವನ ಕಾಲಿನ ಕಾರಣ ಯಾರು ಹುಡುಕಬೇಕು?

ಮೊದಲು ಪದಗಳು ಇರಲೇ ಇಲ್ಲ ಅಂತಲ್ಲ. ಸುಶ್ರುತ ಸಂಹಿತೆಯ ವಾತವ್ಯಾಧಿಯ ಅಧ್ಯಾಯದಲ್ಲಿ ಒಂದು ಕಾಲು ಹೋದವ ಖಂಜ, ಎರಡೂ ಹೋದವ ಪಂಗು. ಮೂರನೆಯದೊಂದಿದೆ, ಕಲಾಯಖಂಜ. ನಡೆಯೋಕೆ ಹೊರಟಾಗ ನಡುಗಿ, ಆಮೇಲೆ ಕುಂಟುತ್ತಾ ಹೋಗುವವನು, ಕೀಲುಕಟ್ಟು ಸಡಿಲಾದವನು ಅಂತ ಅದರ ಲಕ್ಷಣ. ಕಲಾಯ ಅಂದರೆ ಬಟಾಣಿ ಜಾತಿಯ ಒಂದು ಕಾಳು. ರೋಗದ ಹೆಸರಿನಲ್ಲೇ ಒಂದು ಧಾನ್ಯ ಇದೆ ನೋಡಿ! ಅದಕ್ಕೆ ಆಮೇಲೆ ಬರ್ತೀನಿ.

ನಮ್ಮ ಕಡೆ ಹಕೀಮರ ಯುನಾನಿ ವೈದ್ಯದಲ್ಲೂ ಹೀಗೇ. ಲಕ್ವಾ ಅಂದರೆ ಬರೀ ಮುಖ ಸೊಟ್ಟಗಾಗೋದು. ಅರ್ಧ ದೇಹ ಬಿದ್ದುಹೋದರೆ ಅದು ಫಾಲಿಜ್. ಎರಡೂ ಬೇರೆ, ಕಾರಣವೂ ಬೇರೆ. ಆದ್ರೆ ಇವತ್ತು ಭಾಲ್ಕಿಯಲ್ಲಿ ಯಾರನ್ನೇ ಕೇಳಿ, ಮುಖ ಸೊಟ್ಟಗಾದರೂ ಲಕ್ವಾ, ಕೈಕಾಲು ಬಿದ್ದರೂ ಲಕ್ವಾ. ಹಕೀಮರು ಬೇರೆ ಮಾಡಿ ಇಟ್ಟಿದ್ದನ್ನು ನಾವು ಮತ್ತೆ ಕಲಸಿಬಿಟ್ಟೆವು.

ಇನ್ನು ಹೊಸ ವೈದ್ಯಶಾಸ್ತ್ರದ ಕಥೆ. ಅದು ಯಂತ್ರ ಇಟ್ಟುಕೊಂಡು ಶುರುವಾಯ್ತು ಅಂದ್ಕೊಂಡಿದ್ದೆ. ಓದ್ತಾ ಹೋದ ಹಾಗೆ ಗೊತ್ತಾಗಿದ್ದು, ಅವರೂ ನನ್ನ ಹಾಗೆ ಬೀದಿಯಲ್ಲಿ ನಿಂತು ಕಾಲು ನೋಡಿದವರೇ!

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ನಡುಗುವಾಯುವಿನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಬರೋದು ಆರೇ ಜನ. ಅವರಲ್ಲಿ ಇಬ್ಬರು ಬೀದಿಯಲ್ಲಿ ಸಿಕ್ಕವರು, ಇನ್ನೊಬ್ಬನನ್ನು ದೂರದಿಂದ ನೋಡಿದ್ದು ಅಷ್ಟೇ. ಮೈ ಮುಂದಕ್ಕೆ ಬಾಗುತ್ತೆ, ಬೀಳದೇ ಇರೋಕೆ ಹೆಜ್ಜೆ ತಾನಾಗೇ ಓಟಕ್ಕೆ ತಿರುಗುತ್ತೆ ಅನ್ನೋದನ್ನು ಅವನು ಬರೆದಿಟ್ಟ. ಇನ್ನೂರು ವರ್ಷ ಕಳೆದರೂ ಡಾಕ್ಟರುಗಳು ಇದನ್ನೇ ನೋಡ್ತಾರೆ. ಬಸ್ ಸ್ಟ್ಯಾಂಡಿನ ಆ ಅಜ್ಜನದ್ದೂ ಇದೇ ನಡಿಗೆ. ಮನೆಯವರು "ವಯಸ್ಸಾಯ್ತಲ್ಲ" ಅಂದುಕೊಂಡಿರ್ತಾರೆ. ವಯಸ್ಸು ಕಾಯಿಲೆ ಅಲ್ಲ. ಇದಕ್ಕೆ ಮಾತ್ರೆ ಇದೆ. ಬೇರು ಸಮೇತ ಕೀಳೋಕೆ ಆಗದಿದ್ದರೂ ಕೈಕಾಲು ಆಡುವಂತೆ ಮಾಡೋಕೆ ಆಗುತ್ತೆ.

ಬರ್ಲಿನ್ನಿನ ರೋಂಬರ್ಗ್ ಅನ್ನೋ ವೈದ್ಯ 1840ರ ದಶಕದಲ್ಲಿ ಇನ್ನೊಂದು ಗಮನಿಸಿದ. ಕೆಲವರು ಬೆಳಕಿನಲ್ಲಿ ಹೇಗೋ ನಡೀತಾರೆ, ಕತ್ತಲಲ್ಲಿ ತೂರಾಡ್ತಾರೆ. ಜೋಡಿ ಪಾದ ಇಟ್ಟು ನಿಂತು ಕಣ್ಣು ಮುಚ್ಚಿದರೆ ಓಲಾಡ್ತಾರೆ. ಕಾಲು ಎಲ್ಲಿದೆ ಅನ್ನೋ ಸುದ್ದಿ ಮಿದುಳಿಗೆ ಮುಟ್ಟುತ್ತಿಲ್ಲ, ಅದಕ್ಕೇ ಅವರು ಕಣ್ಣಿನಿಂದ ನಡೀತಿದ್ದಾರೆ ಅಂತ ಅರ್ಥ. ಅವನ ಕಾಲಕ್ಕೆ ಇದಕ್ಕೆ ಮುಖ್ಯ ಕಾರಣ ಸಿಫಿಲಿಸ್. ನಮ್ಮ ಕಾಲಕ್ಕೆ, ಅದರಲ್ಲೂ ಹಾಲು ಮೊಸರೂ ಕಮ್ಮಿ ಇರುವ ಪಕ್ಕಾ ಸಸ್ಯಾಹಾರಿಗಳ ಮನೆಯಲ್ಲಿ, ವಿಟಮಿನ್ ಬಿ12 ಕೊರತೆಯನ್ನು ಮರೆಯಬಾರದು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಗೋಡೆ ಹಿಡಿಯೋ ಅತ್ತೆ ಮಾವಂದಿರು ನಿಮ್ಮ ಮನೆಯಲ್ಲಿದ್ದರೆ ಒಂದು ರಕ್ತಪರೀಕ್ಷೆ ಮಾಡಿಸಿ. ಬೇಗ ಸಿಕ್ಕರೆ ಸರಿಹೋಗುವಂಥದ್ದು.

ಬಾತುಕೋಳಿ ನಡಿಗೆಯ ಗುಟ್ಟು ಒಡೆದವನು ಜರ್ಮನಿಯ ಸರ್ಜನ್ ಟ್ರೆಂಡೆಲೆನ್‌ಬರ್ಗ್, 1895ರಲ್ಲಿ. ಎಕ್ಸ್‌ರೇ ಪತ್ತೆಯಾಗಿದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಹಾಗಾಗಿ ಇವನ ಹತ್ತಿರ ಇದ್ದದ್ದು ಎರಡು ಕಣ್ಣು ಮಾತ್ರ. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದ ಮಕ್ಕಳನ್ನು ಬಟ್ಟೆ ಬಿಚ್ಚಿಸಿ ಹಿಂದಿನಿಂದ ನೋಡಿದ, ಒಂಟಿ ಕಾಲಿನ ಮೇಲೆ ನಿಲ್ಲಿಸಿದ. ನೀವು ನಾವು ಒಂಟಿ ಕಾಲಲ್ಲಿ ನಿಂತರೆ ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗೆ ಬೀಳೋದಿಲ್ಲ, ನಿಂತ ಕಡೆಯ ಪೃಷ್ಠದ ಸ್ನಾಯು ಹಿಡಿದಿರುತ್ತೆ. ಆ ಮಕ್ಕಳಿಗೆ ಬೀಳುತ್ತಿತ್ತು. ಬೀಳದಿರಲಿ ಅಂತ ಮೈಯನ್ನೇ ಆ ಕಡೆ ವಾಲಿಸುತ್ತಿದ್ದರು. ಎರಡೂ ಕಡೆ ಹಾಗಾದಾಗ ಬಾತುಕೋಳಿ. ಜನ ಅದನ್ನು ನೋಡಿ ನಗ್ತಾರೆ, ಆದ್ರೆ ಅದು ಬೀಳದೇ ಇರೋಕೆ ದೇಹ ಮಾಡಿಕೊಂಡ ಒಂದು ಬುದ್ಧಿವಂತ ಉಪಾಯ!

ಇಲ್ಲಿವರೆಗೂ ಒಬ್ಬೊಬ್ಬರ ಕಾಲಿನ ಮಾತಾಯ್ತು. ಊರಿಗೆ ಊರೇ ಒಂದೇ ಥರ ನಡೆಯೋಕೆ ಶುರು ಮಾಡಿದ್ರೆ?

ಇಂಥ ಮೂರು ಕಥೆ ನಮ್ಮ ದೇಶದಲ್ಲೇ ಇವೆ. ಒಂದು ಕಾಳಿನದ್ದು, ಒಂದು ನೀರಿನದ್ದು, ಒಂದು ರಕ್ತದ್ದು.

ಕಾಳಿನ ಕಥೆ ಮಧ್ಯಪ್ರದೇಶದ ಸಾಗರದಿಂದ ಶುರು. ಠಗ್ಗರನ್ನು ಹಿಡಿದ ಸ್ಲೀಮನ್ ಅನ್ನೋ ಬ್ರಿಟಿಷ್ ಅಧಿಕಾರಿ 1844ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆ ಸೀಮೆಯ ಹಳ್ಳಿಗಳಲ್ಲಿ 1829ರಲ್ಲಿ ಆಲಿಕಲ್ಲು ಬಿದ್ದು ಗೋಧಿ ಹಾಳಾಯ್ತು. 1830ರಲ್ಲಿ ಮಳೆ ಕೈಕೊಟ್ಟಿತು. 1831ರಲ್ಲಿ ಬೆಳೆಗೆ ರೋಗ ಬಿತ್ತು. ಮೂರೂ ವರ್ಷ ಜಗ್ಗದೆ ಬೆಳೆದದ್ದು ಒಂದೇ, ಕೇಸರಿ ಬೇಳೆ. ಜನ ಅದನ್ನೇ ತಿಂದರು. 1833ರಿಂದ ಮೂವತ್ತರ ಒಳಗಿನ ಹುಡುಗರ ಕಾಲು ಸೊಂಟದಿಂದ ಕೆಳಗೆ ಬಿಗಿದುಕೊಳ್ಳೋಕೆ ಶುರುವಾಯ್ತು. ನೋವಿಲ್ಲ, ಜ್ವರ ಇಲ್ಲ. ರಾತ್ರಿ ಸರಿಯಾಗಿ ಮಲಗಿದವ ಬೆಳಿಗ್ಗೆ ಎದ್ದಾಗ ಕಾಲು ಮಾತು ಕೇಳೋದಿಲ್ಲ.

ಈ ನಡಿಗೆಯನ್ನು ಒಮ್ಮೆ ನೋಡಿದರೆ ಮರೆಯೋಕಾಗಲ್ಲ ಅಂತಾರೆ. ಹಿಮ್ಮಡಿ ನೆಲಕ್ಕೆ ತಾಗೋದಿಲ್ಲ, ಬೆರಳ ತುದಿಯ ಮೇಲೆ ಹೆಜ್ಜೆ, ಮೊಣಕಾಲು ಒಂದಕ್ಕೊಂದು ಕತ್ತರಿಯಂತೆ ಅಡ್ಡ ಬರುತ್ತೆ. ವೈದ್ಯರು ಇದರ ಹಂತಗಳನ್ನು ಕೋಲಿನ ಲೆಕ್ಕದಲ್ಲಿ ಹೇಳ್ತಿದ್ದರು. ಕೋಲಿಲ್ಲದ ಹಂತ, ಒಂದು ಕೋಲಿನ ಹಂತ, ಎರಡು ಕೋಲಿನ ಹಂತ, ಕೊನೆಗೆ ತೆವಳುವ ಹಂತ. ರೀವಾ ಸೀಮೆಯಲ್ಲಿ ಇದು ಇಪ್ಪತ್ತನೇ ಶತಮಾನದಲ್ಲೂ ಮುಂದುವರಿಯಿತು. ಅಲ್ಲಿ ಜೀತದಾಳುಗಳಿಗೆ ಕೂಲಿ ಅಂತ ಕೊಡುತ್ತಿದ್ದದ್ದೇ ಈ ಬೇಳೆ. ಅದನ್ನು ಬೆಳೆಸಿದ ಒಡೆಯ ಗೋಧಿ ತಿಂದು ನೆಟ್ಟಗೆ ನಡೆದ. ಯಾರು ಯಾರಿಗೆ ಏನು ಕೂಲಿ ಕೊಟ್ಟರು ಅನ್ನೋದು ಕಾಲಿನ ಮೇಲೇ ಬರೆದಿತ್ತು.

ಈ ಕಥೆಗೆ ಉತ್ತರ ಸಿಕ್ಕ ಜಾಗಗಳಲ್ಲಿ ಒಂದು ನಮ್ಮ ಬೆಂಗಳೂರು! 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಕೇಸರಿ ಬೇಳೆಯಿಂದ ನರಗಳಿಗೆ ವಿಷವಾಗುವ ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಅದೇ ಹೊತ್ತಿಗೆ ದೆಹಲಿಯ ಇನ್ನೊಂದು ತಂಡವೂ ಅದನ್ನು ಪತ್ತೆ ಮಾಡಿತು. ಕಲಾಯಖಂಜ ಅಂತ ಸುಶ್ರುತ ಸಂಹಿತೆ ಹೇಳಿದ್ದು ಇದನ್ನೇ ಅಂತ ಹಲವರು ಅಭಿಪ್ರಾಯ ಪಡ್ತಾರೆ. ಅಷ್ಟು ಹಿಂದೆ ಇಟ್ಟ ಹೆಸರಿಗೆ ರಾಸಾಯನಿಕ ಸೂತ್ರ ಬಂದದ್ದು ಮಲ್ಲೇಶ್ವರದ ಪಕ್ಕದಲ್ಲಿ.

ಬೀದರ್ ಬೇಳೆಕಾಳಿನ ಜಿಲ್ಲೆ. ತೊಗರಿ, ಕಡಲೆ, ಉದ್ದು, ಹೆಸರು ಎಲ್ಲ ನಮ್ಮ ಕರಿ ನೆಲದ ಬೆಳೆಗಳು. ಕೇಸರಿ ಬೇಳೆ ತೊಗರಿ ಬೇಳೆ ಥರಾನೇ ಕಾಣುತ್ತೆ, ಆದರೆ ಕಾಳು ಕೊಡಲಿಯ ಹಾಗೆ ಒಂದು ಕಡೆ ಚೂಪು. ಅದಕ್ಕೇ ತೊಗರಿಗೆ ಕಲಬೆರಕೆ ಮಾಡುವವರಿಗೆ ಅದು ಅನುಕೂಲ. 1961ರಲ್ಲಿ ಆಹಾರ ಕಲಬೆರಕೆ ಕಾನೂನಿನಡಿ ಅದರ ಮಾರಾಟಕ್ಕೆ ನಿಷೇಧ ಬಂತು, ಕೆಲವು ರಾಜ್ಯಗಳು ಅದನ್ನು ಜಾರಿಗೆ ತರಲೇ ಇಲ್ಲ. ಅಪರೂಪಕ್ಕೊಮ್ಮೆ ಸ್ವಲ್ಪ ಹೊಟ್ಟೆಗೆ ಹೋದರೆ ಕಾಲು ಹೋಗೋದಿಲ್ಲ. ತಿಂಗಳುಗಟ್ಟಲೆ ಬೇರೇನೂ ಸಿಗದೆ ಅದನ್ನೇ ತಿಂದರೆ ಹೋಗುತ್ತೆ. ಹಾಗಾಗಿ ವಿಷ ಅರ್ಧ ಕಾಳಿನಲ್ಲಿ, ಇನ್ನರ್ಧ ಬರಗಾಲದಲ್ಲಿ.

ಇನ್ನು ನೀರಿನ ಕಥೆ. ಇದು ನಮಗೆ ಇನ್ನೂ ಹತ್ತಿರ. 1956ರವರೆಗೆ ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ದೊಡ್ಡ ಕಾಯಿಲೆ ಅಂದ್ರೆ ಉಸ್ಮಾನಿಯಾ ಆಸ್ಪತ್ರೆ ಅನ್ನೋ ರೂಢಿ ನಮ್ಮ ಹಿರಿಯರಿಗಿತ್ತು. ಅದೇ ರಾಜ್ಯದ ಇನ್ನೊಂದು ಮೂಲೆ ನಲ್ಗೊಂಡ. ಅಲ್ಲಿಯ ಕೆಲವು ಹಳ್ಳಿಗಳಲ್ಲಿ ಜನರ ಬೆನ್ನು ಬಿದಿರಿನ ಗಳದಂತೆ ಸೆಟೆದು, ಕತ್ತು ತಿರುಗದೆ, ಕಾಲಿಗಿಂತ ಮೈಯೇ ಮುಂದೆ ಹೋಗುವಂತೆ ನಡೆಯುತ್ತಿದ್ದರು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ ಶಾರ್ಟ್ ಮತ್ತು ಸಂಗಡಿಗರು ಇದೇ ಥರದ ಜನರನ್ನು ನೋಡಿ, ಬಾವಿ ನೀರಿನ ಫ್ಲೋರೈಡ್ ಇದಕ್ಕೆ ಕಾರಣ ಅಂತ ತೋರಿಸಿದ್ದರು. ನಲ್ಗೊಂಡದ ಬಗ್ಗೆ ಸಿದ್ದೀಕಿ ಅನ್ನೋ ವೈದ್ಯರು 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು.

ಆಮೇಲೆ 1973ರಲ್ಲಿ ಹೊಸದೊಂದು ಕಾಣಿಸಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಮುದುಕರ ಬೆನ್ನು ಸೆಟೆಯೋದು ಗೊತ್ತಿತ್ತು, ಈಗ ಹದಿಹರೆಯದ ಹುಡುಗರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಉಜ್ಜುತ್ತಿದ್ದವು. ಪಾದಗಳು ಮಾತ್ರ ದೂರ ದೂರ. ಹಳೇ ಫ್ಲೋರೈಡ್, ಹೊಸ ನಡಿಗೆ. ಯಾಕೆ? ಹುಡುಕಿದಾಗ ಕಂಡದ್ದು, ಜೋಳವೇ ಮುಖ್ಯ ಊಟವಾದ ಬಡವರ ಮನೆಗಳಲ್ಲೇ ಇದು ಜಾಸ್ತಿ. ಆ ಭಾಗದ ಜೋಳದಲ್ಲಿ ಮಾಲಿಬ್ಡಿನಂ ಅನ್ನೋ ಧಾತು ಹೆಚ್ಚಿತ್ತು, ಅದು ದೇಹದ ತಾಮ್ರವನ್ನು ಹೊರಹಾಕುತ್ತಿತ್ತು. ನಾಗಾರ್ಜುನ ಸಾಗರ ಜಲಾಶಯ ಬಂದ ಮೇಲೆ ಸುತ್ತಲ ಅಂತರ್ಜಲ ಮೇಲೇರಿ ನೆಲದ ಗುಣವೇ ಬದಲಾಯ್ತು ಅನ್ನೋ ವಿವರಣೆಯೂ ಬಂತು.

ಜೋಳದ ರೊಟ್ಟಿ ತಿನ್ನೋ ನಾವು ಇದನ್ನು ಓದಿ ಹೆದರಬೇಕಿಲ್ಲ. ಜೋಳದ ತಪ್ಪಲ್ಲ ಅದು. ಫ್ಲೋರೈಡ್ ನೀರು, ಆ ನೆಲ, ಅರೆಹೊಟ್ಟೆ ಊಟ ಮೂರೂ ಸೇರಿದಾಗ ಆದದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ಗಾದೆ ಹೇಳಿ ನಗ್ತೀವಿ. ಇಲ್ಲಿ ನೋಡಿದರೆ ನಿಜವಾಗಲೂ ನೆಲವೇ ಡೊಂಕಿತ್ತು.

ಮೂರನೆಯದು ರಕ್ತದ ಕಥೆ, ಮತ್ತೊಂದು ಸಾಗರದ್ದು. ಈ ಸಲ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ. ಅಲ್ಲಿನ ಹಂದಿಗೋಡು ಎಂಬ ಊರಿನಲ್ಲಿ 1974-75ರ ಸುಮಾರಿಗೆ ಜನರಿಗೆ ಸೊಂಟ, ಮೊಣಕಾಲು ಹಿಡಿದುಕೊಂಡು, ತೂಗಾಡುವ ನಡಿಗೆ ಬಂದು, ಕೆಲವರು ಕೂತಲ್ಲೇ ಉಳಿದದ್ದು ಸುದ್ದಿಯಾಯ್ತು. ಬಹುತೇಕ ಚನ್ನಂಗಿ ಮತ್ತು ಛಲವಾದಿ ಸಮುದಾಯದ ಬಡ ಕೂಲಿಕಾರರು. ಅದೇ ಊರಿನ ಬೇರೆಯವರಿಗೆ ಏನೂ ಆಗಿರಲಿಲ್ಲ. ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ಏಡಿ ಮೀನಿಗೆ ಸೇರಿ, ಅದನ್ನು ತಿಂದವರಿಗೆ ಹೀಗಾಗಿದೆ ಅನ್ನೋ ಅನುಮಾನ ಮೊದಲು ಬಂತು. ಇವತ್ತಿಗೂ ಹಾಗೇ ನಂಬಿದವರಿದ್ದಾರೆ.

ಹೈದರಾಬಾದಿನಿಂದ ಬಂದು ಅಧ್ಯಯನ ಮಾಡಿದವರಲ್ಲಿ ನಲ್ಗೊಂಡದ ಮೊಣಕಾಲು ನೋಡಿದ್ದ ಅದೇ ಕೃಷ್ಣಮಾಚಾರಿ ಒಬ್ಬರು. ಅವರು ಮತ್ತು ರಮೇಶ್ ಭಟ್ 1977ರಲ್ಲಿ ಬರೆದ ವರದಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗ ಅಂತ ಕರೆಯಿತು. ಕುಟುಂಬದಿಂದ ಕುಟುಂಬಕ್ಕೆ ಹೋಗ್ತಿದೆ ಅನ್ನೋದು ಅವರಿಗೆ ಆಗಲೇ ಕಂಡಿತ್ತು. 1994ರ ಹೊತ್ತಿಗೆ ಎಕ್ಸ್‌ರೇ ಮತ್ತು ವಂಶವೃಕ್ಷಗಳನ್ನಿಟ್ಟು ಅಗರ್‌ವಾಲ್ ಮತ್ತು ಸಂಗಡಿಗರು ಇದು ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷ ಅಂತ ತೋರಿಸಿದರು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ನೋಡಿ, ಒಂದೇ ಸಂಸ್ಥೆ, ಒಬ್ಬರೇ ಮನುಷ್ಯ, ಎರಡು ಊರು. ಎರಡೂ ಕಡೆ ಬಡವರೇ, ಎರಡೂ ಕಡೆ ಕಾಲೇ. ಒಂದು ಕಡೆ ನೀರು ಬದಲಿಸಿದರೆ ಮುಂದಿನ ಮಗು ನೆಟ್ಟಗೆ ನಡೆಯುತ್ತೆ, ಇನ್ನೊಂದು ಕಡೆ ನೀರು ಬದಲಿಸಿ ಏನೂ ಉಪಯೋಗ ಇಲ್ಲ. ಎರಡಕ್ಕೂ ಕುಂಟ ಅಂತ ಒಂದೇ ಹೆಸರಿಟ್ಟು ಸುಮ್ಮನಾಗಿದ್ದರೆ ಈ ವ್ಯತ್ಯಾಸ ಗೊತ್ತಾಗುತ್ತಲೇ ಇರಲಿಲ್ಲ.

ಈಗ ಬಸ್ ಸ್ಟ್ಯಾಂಡಿನ ಆ ಕೊನೆಯವನ ಹತ್ತಿರ ಬರ್ತೀನಿ. ತೊಡೆಗೆ ಕೈ ಒತ್ತಿ ನಡೆಯುತ್ತಿದ್ದನಲ್ಲ, ಅವನ ನಡಿಗೆ ನನಗೆ ಬಹಳ ಪರಿಚಿತ. ಔರಾದಿನಲ್ಲಿ ನಾನು ಶಾಲೆಗೆ ಹೋಗುವಾಗ ನನ್ನ ಜೊತೆ ಕೂರುತ್ತಿದ್ದ ಗೆಳೆಯನದ್ದೂ ಇದೇ ನಡಿಗೆ. ಹೆಸರು ಬೇಡ. ಶಾಲೆಯಲ್ಲಿ ಅವನಿಗೆ ಹೆಸರೇ ಇರಲಿಲ್ಲ ಅನ್ನಿ, ಎಲ್ಲರಿಗೂ ಅವನು ಕುಂಟ. ಜಗಳ ಆದಾಗ ನಾನೂ ಹಾಗೇ ಕರೆದಿದ್ದೀನಿ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಅವನ ತಾಯಿ ಒಂದು ಮಾತು ಪದೇ ಪದೇ ಹೇಳುತ್ತಿದ್ದಳು. "ಎರಡು ವರ್ಷದಂವ ಇದ್ದ. ಜ್ವರ ಬಂದಿತ್ತು. ನಾನೇ ಎತ್ಗೊಂಡ್ ಹೋಗಿ ಸೂಜಿ ಹಾಕಿಸ್ಕೊಂಡ್ ಬಂದೆ. ಮರುದಿನಾ ಕಾಲು ಎತ್ತಲಿಲ್ಲ. ನಂದೇ ತಪ್ಪು." ಆಮೇಲೆ ದೊಡ್ಡೂರಿನ ಡಾಕ್ಟರೊಬ್ಬರು ಇದು ಪೋಲಿಯೋ, ಸೂಜಿಗೂ ಇದಕ್ಕೂ ಸಂಬಂಧ ಇಲ್ಲ, ಹಳ್ಳಿ ಜನ ಸುಮ್ಮನೆ ಹೇಳ್ತಾರೆ ಅಂತ ನಕ್ಕರಂತೆ. ತಾಯಿ ನಂಬಲಿಲ್ಲ. ತಾನೇ ಕಾರಣ ಅಂದುಕೊಂಡೇ ಮುದುಕಿಯಾದಳು.

ಯಾರು ಸರಿ? ನಾನು ಬಹಳ ದಿನ ಡಾಕ್ಟರೇ ಸರಿ ಅಂದುಕೊಂಡಿದ್ದೆ. ಇತಿಹಾಸ ಓದಿದಾಗ ಬೇರೆ ಕಂಡಿತು. 1950ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ಹಿಲ್ ಮತ್ತು ನೋಲ್ಡನ್ ಅಂಕಿಅಂಶ ಇಟ್ಟು ತೋರಿಸಿದ್ದಾರೆ. ಪೋಲಿಯೋ ಹರಡಿರುವಾಗ ಮಗುವಿಗೆ ಸೂಜಿ ಹಾಕಿದರೆ, ಸೂಜಿ ಬಿದ್ದ ಕೈಗೋ ಕಾಲಿಗೋ ಲಕ್ವಾ ಹೊಡೆಯುವ ಸಾಧ್ಯತೆ ಹೆಚ್ಚುತ್ತೆ. ವೈರಸ್ ಮೊದಲೇ ಮೈಯಲ್ಲಿರುತ್ತೆ. ಹೆಚ್ಚಿನ ಮಕ್ಕಳಲ್ಲಿ ಅದು ಯಾವ ಲಕ್ಷಣವೂ ಇಲ್ಲದೆ, ಇಲ್ಲವೇ ಸಣ್ಣ ಜ್ವರವಾಗಿ ಬಂದು ಹೋಗಿಬಿಡುತ್ತೆ. ಸೂಜಿ ಚುಚ್ಚಿದ ಸ್ನಾಯುವಿನ ಮೂಲಕ ಅದಕ್ಕೆ ನರದ ದಾರಿ ಸಿಗುತ್ತೆ. ಭಾರತದಲ್ಲಿ ಜ್ವರಕ್ಕೆಲ್ಲ ಸೂಜಿ ಹಾಕುವ ಅಭ್ಯಾಸದಿಂದ ಎಷ್ಟೋ ಮಕ್ಕಳ ಕಾಲು ಹೀಗೆ ಹೋಯಿತು ಅಂತ ಎಚ್.ವಿ. ವಯಟ್ ಅನ್ನೋ ಸಂಶೋಧಕ ವರ್ಷಗಟ್ಟಲೆ ಬರೆದ.

ಅಂದ್ರೆ ತಾಯಿ ಕಂಡದ್ದು ಸುಳ್ಳಲ್ಲ. ಡಾಕ್ಟರ್ ಹೇಳಿದ ಪೋಲಿಯೋ ಕೂಡ ಸುಳ್ಳಲ್ಲ. ಸುಳ್ಳಾದದ್ದು "ನಂದೇ ತಪ್ಪು" ಅನ್ನೋದು. ಜ್ವರ ಬಂದ ಮಗುವನ್ನು ಎತ್ಕೊಂಡು ಹೋದದ್ದು ಹೇಗೆ ತಪ್ಪಾಗುತ್ತೆ? ಜ್ವರದ ಮಗುವಿಗೆ ಬೇಡದ ಸೂಜಿ ಚುಚ್ಚಬಾರದು ಅನ್ನೋದು ಪುಸ್ತಕದಲ್ಲಿತ್ತು. ಆ ಪುಸ್ತಕ ಅವಳ ಕೈಗೆ ಬರುವಂಥದ್ದಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸೂಜಿ ತಪ್ಪು ಜಾಗಕ್ಕೆ, ಅಂದರೆ ಪೃಷ್ಠದ ದೊಡ್ಡ ನರಕ್ಕೇ ತಾಗಿದರೂ ಕಾಲು ಹೋಗುತ್ತೆ. ಆದರೆ ಆ ನಡಿಗೆ ಬೇರೆ. ಸಾಮಾನ್ಯವಾಗಿ ಆ ಕ್ಷಣವೇ ಉರಿ ನೋವು, ಕಾಲು ಜೋಮು, ಪಾದ ಜೋತು ಬೀಳುತ್ತೆ. ಪಾದ ನೆಲಕ್ಕೆ ಉಜ್ಜದಿರಲಿ ಅಂತ ಮೊಣಕಾಲು ಎತ್ತರಕ್ಕೆ ಎತ್ತಿ, ಪಟ್ ಅಂತ ಹೆಜ್ಜೆ ಇಡ್ತಾರೆ. ಪೋಲಿಯೋದಲ್ಲಿ ಕಾಲು ಸಣ್ಣಗಾಗುತ್ತೆ, ಸೋಲುತ್ತೆ, ಆದರೆ ಮುಟ್ಟಿದರೆ ಗೊತ್ತಾಗುತ್ತೆ. ತೊಡೆಯ ಸ್ನಾಯು ಸತ್ತಿರೋದರಿಂದ ಮೊಣಕಾಲು ಮಡಚಿ ಬೀಳದಂತೆ ಕೈಯಿಂದ ಒತ್ತಿ ಬೀಗ ಹಾಕ್ತಾರೆ. ನನ್ನ ಗೆಳೆಯನ ಅಂಗೈ ಮಾಡುತ್ತಿದ್ದದ್ದು ಅದೇ ಕೆಲಸ. ಅವನು ದಿನಾ ಶಾಲೆಗೆ ನಡೆದದ್ದು ಎರಡು ಕಾಲು ಒಂದು ಕೈಯಿಂದ.

ಇದೇ ಪಟ್ ಪಟ್ ಹೆಜ್ಜೆ ಕುಷ್ಠರೋಗದಲ್ಲೂ ಬರುತ್ತೆ, ಮೊಣಕಾಲಿನ ಪಕ್ಕದ ನರ ಊದಿ ಸತ್ತಾಗ. ನಿಜಾಮರ ಕಾಲದಲ್ಲಿ ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿಯಲ್ಲಿ ಇಸಬೆಲ್ ಕೆರ್ ಎಂಬ ವೈದ್ಯೆ ಇದಕ್ಕೇ ಒಂದು ಆಸ್ಪತ್ರೆ ಕಟ್ಟಿದ್ದಳು. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್, ಸತ್ತ ಸ್ನಾಯುವಿನ ಕೆಲಸವನ್ನು ಬದುಕಿರುವ ಸ್ನಾಯುವಿಗೆ ಒಪ್ಪಿಸುವ ಶಸ್ತ್ರಚಿಕಿತ್ಸೆಯನ್ನು ಕುಷ್ಠರೋಗಿಗಳ ಕೈಕಾಲಿಗೆ ತಂದ. ಜೋತುಬಿದ್ದ ಪಾದ ಮತ್ತೆ ಮೇಲೇಳುವಂತಾಯ್ತು. ಇವತ್ತು ಕುಷ್ಠಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ. ಚರ್ಮದ ಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದ್ದು, ಪಾದ ಎತ್ತೋಕೆ ಆಗದೆ ಹೋದರೆ ಮುಚ್ಚಿಡೋದು ಬೇಡ. ನರ ಪೂರ್ತಿ ಸಾಯೋಕೆ ಮುಂಚೆ ಹೋದರೆ ಪಾದ ಉಳಿಯುತ್ತೆ.

ಪೋಲಿಯೋ ಮಾತ್ರ ಮುಗಿದ ಅಧ್ಯಾಯ. 1995ರಲ್ಲಿ ದೇಶದ ತುಂಬಾ ಪಲ್ಸ್ ಪೋಲಿಯೋ ಶುರುವಾಯ್ತು. ಭಾರತದಲ್ಲಿ ಆ ಕಾಡು ವೈರಸ್ಸಿನ ಕೊನೆಯ ಪ್ರಕರಣ ಹೌರಾದಲ್ಲಿ, 2011ರ ಜನವರಿ 13ರ ಹುಡುಗಿಯದ್ದು. 2014ರ ಮಾರ್ಚ್ 27ರಂದು ನಾವು ಪೋಲಿಯೋಮುಕ್ತ ಅಂತ ಸರ್ಟಿಫಿಕೇಟ್ ಬಂತು. ತೊಡೆಗೆ ಕೈ ಒತ್ತಿ ನಡೆಯುವವರು ಈಗ ಎಲ್ಲ ದೊಡ್ಡವರೇ. ಈಗಿನ ಔರಾದಿನ ಶಾಲೆ ಮಕ್ಕಳಿಗೆ ಆ ನಡಿಗೆ ಗೊತ್ತಿಲ್ಲದಿದ್ದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಬೇರೆ ನಡಿಗೆಗಳು ಮುಗಿದಿಲ್ಲ. ಹಾಗಾಗಿ ನೋಡೋದನ್ನು ಬಿಡಬೇಡಿ. ನಡೆಯೋಕೆ ಕಲಿಯುವ ಮಗು ಒಂದು ಕಡೆ ವಾಲಿದರೆ "ದೊಡ್ಡೋನಾದ ಮೇಲೆ ಸರಿಹೋಗುತ್ತೆ" ಅನ್ನಬೇಡಿ, ಸೊಂಟದ ಕೀಲು ತೋರಿಸಿ. ಓಡಾಡುತ್ತಿದ್ದ ಹುಡುಗ ನೆಲದಿಂದ ಏಳುವಾಗ ತನ್ನ ಕಾಲನ್ನೇ ಮೆಟ್ಟಿಲು ಮಾಡಿಕೊಂಡು ಕೈಯಿಂದ ಹತ್ತಿದರೆ, ಸ್ನಾಯುವಿನ ಕಾಯಿಲೆ ಇರಬಹುದು. ಒಂದು ಕೈ ಒಂದು ಕಾಲು ಇದ್ದಕ್ಕಿದ್ದಂತೆ ಸೋತರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮಿದುಳಿನ ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡೋದು ನಾಲ್ಕೂವರೆ ಗಂಟೆಯೊಳಗೆ. ಮುದುಕರ ಪಾದ ಅಯಸ್ಕಾಂತ ಹಿಡಿದಂತೆ ನೆಲಕ್ಕೆ ಅಂಟಿ, ಜೊತೆಗೆ ಮರೆವು, ಮೂತ್ರ ತಡೆಯೋಕಾಗದೇ ಇರೋದು ಸೇರಿಕೊಂಡರೆ ಮಿದುಳಿನಲ್ಲಿ ನೀರು ಹೆಚ್ಚಾಗಿರಬಹುದು. 1965ರಲ್ಲಿ ಇದನ್ನು ಜಗತ್ತಿಗೆ ತೋರಿಸಿದ ಕೊಲಂಬಿಯಾದ ಡಾಕ್ಟರ ಹೆಸರು ಹಕೀಮ್! ಆ ನೀರನ್ನು ಸಣ್ಣ ಕೊಳವೆಯಿಂದ ಇಳಿಸಿದರೆ ಎಷ್ಟೋ ಜನ ಮತ್ತೆ ನಡೀತಾರೆ. ಇವೆಲ್ಲ ಬರೀ ಅನುಮಾನ ಪಡೋಕೆ, ತೀರ್ಮಾನ ಡಾಕ್ಟರದ್ದೇ.

ಬಸ್ಸು ಬಂತು. ಹಿರಿಯರು ಜಾಗ ಬಿಟ್ಟರು, ಆತ ಕೂತ. ಸಂತಪುರ ದಾಟಿದ ಮೇಲೆ ಮಾತಾಡಿಸಿದೆ. ಮಾತಿನ ನಡುವೆ ಅವನೇ ಹೇಳಿದ, "ಸಣ್ಣಂವ ಇದ್ದಾಗ ಜ್ವರ ಬಂದಿತ್ತಂತ್ರಿ. ಸೂಜಿ ಹಾಕ್ಸಿದ್ರಂತ."

ನಾನು ಅವನಿಗೆ ಇಷ್ಟೆಲ್ಲ ಹೇಳಲಿಲ್ಲ. ತಾಯಿ ಇದ್ದಾರಾ ಅಂತ ಕೇಳಿದೆ. ಇದ್ದಾರೆ ಅಂದ. ಹಾಗಾದ್ರೆ ಮನೆಗೆ ಹೋಗಿ ಅವರಿಗೆ ಒಂದು ಮಾತು ಹೇಳಪ್ಪಾ, ಅದು ನಿನ್ನ ತಪ್ಪಲ್ಲ ಅಂತ, ಅಂದೆ. ಅವನು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದ. ಔರಾದಿನಲ್ಲಿ ಇಳಿದ, ತೊಡೆಗೆ ಕೈ ಒತ್ತಿ, ಸರಸರ ನಡೆದು ಹೋದ.

ನನ್ನ ಗೆಳೆಯನ ತಾಯಿಗೆ ಈ ಮಾತು ಹೇಳೋಕೆ ನನಗೆ ಆಗಲಿಲ್ಲ. ನಾನು ಇದನ್ನು ಓದುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ನಿಮ್ಮ ಕಡೆ ಬೇರೆ ಬೇರೆ ನಡಿಗೆಗೆ ಬೇರೆ ಬೇರೆ ಪದ ಇದ್ದರೆ ಬರೆದು ತಿಳಿಸಿ. ಅಡ್ಡಹೆಸರು ಬೇಡ, ಪದ ಬೇಕು.